ಏನನ್ನೂ ಕೇಳದ ಓಲೆ

"ಗುರುಗಳೇ, ಉತ್ತರ ಬೇಗ ಸಿಕ್ಕಿದ ಮೇಲೂ ಮನುಷ್ಯ ಯಾಕೆ ಕಾಯುತ್ತಾನೆ?" ಎಂದು ಚೆನ್ನವೀರ ಕೇಳಿದ.

ಅವನು ಫೋನ್ ಜಾಲ ಕಟ್ಟುವ ಎಂಜಿನಿಯರು. ಇಷ್ಟು ದಿನ ಜನ ಕೇಳಿದ್ದೆಲ್ಲ ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಿಗೆ ಹೋಗಿ ಬರಬೇಕಿತ್ತು. ಈಗ ಅವನ ಕಡೆಯವರು ಒಂದೊಂದು ಟವರಿನ ಬುಡದಲ್ಲೂ ಲೆಕ್ಕ ಮಾಡುವ ಯಂತ್ರ ಕೂರಿಸುತ್ತಿದ್ದರು. ಕೇಳಿದ್ದು ದೂರ ಹೋಗುವುದೇ ಬೇಡ, ದಾರಿಯೇ ಯೋಚಿಸಿ ಉತ್ತರ ಕೊಡುತ್ತದೆ. ಇದನ್ನೆಲ್ಲ ವಿವರಿಸಿ ಅವನು, "ಆದರೂ ಜನರ ಮುಖ ನೋಡಿದರೆ, ಬರಬೇಕಾದ್ದು ಏನೋ ಇನ್ನೂ ಬಂದಿಲ್ಲ ಅನ್ನುವ ಹಾಗಿರುತ್ತದೆ" ಎಂದ.

ಗುರುಗಳು ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ತಿಗರಿ ತಿರುಗಿಸಿ ಮಡಕೆ ಮಾಡುತ್ತಿದ್ದ. ಮಣ್ಣು ಹದ ಮಾಡುವುದು ಅವಳ ಕೆಲಸ. ಅವ್ವ ಬೇಗ ತೀರಿಕೊಂಡಿದ್ದಳು. ಇದ್ದವಳು ಒಬ್ಬ ಅಕ್ಕ. ಅವಳನ್ನು ಸಮುದ್ರದ ದಂಡೆಯ ಊರಿಗೆ ಕೊಟ್ಟಿದ್ದರು. ಅಲ್ಲಿಗೆ ಓಲೆ ಹೋಗಲು ಇಪ್ಪತ್ತು ದಿನ, ಬರಲು ಇಪ್ಪತ್ತು ದಿನ. ಎರಡು ಹರಿದಾರಿಗೊಂದು ತಂಗುಮನೆ. ಒಬ್ಬ ಓಲೆಕಾರ ಓಡಿ ಬಂದು ಚೀಲ ಇಳಿಸಿದರೆ, ಇನ್ನೊಬ್ಬ ಅದನ್ನು ಹೊತ್ತು ಮುಂದಕ್ಕೆ ಓಡುತ್ತಿದ್ದ.

ಅವಳು ಅಕ್ಕನಿಗೆ ಏನಾದರೊಂದು ಕೇಳಿ ಬರೆಯುತ್ತಿದ್ದಳು. ಮಡಕೆ ಸುಡುವಾಗ ಆವಿಗೆಯಲ್ಲಿ ಸೀಳುತ್ತದೆ, ಏನು ಮಾಡಲಿ? ಅಕ್ಕ ಬರೆಯುತ್ತಿದ್ದಳು: "ಮರಳು ಕಡಿಮೆಯಾಗಿದೆ, ಹುಚ್ಚಿ. ಅವ್ವ ಹೇಳಿದ್ದು ಮರೆತೆಯಾ?" ಆಮೇಲೆ ಅತ್ತೆಯ ಗೊರಕೆ, ಉಪ್ಪು ಗಾಳಿಗೆ ತುಕ್ಕು ಹಿಡಿದ ಬಾಗಿಲ ಚಿಲಕ, ಮಗಳ ಉದುರಿದ ಮೊದಲ ಹಲ್ಲು. ಉತ್ತರ ಒಂದು ಸಾಲು, ಉಳಿದದ್ದು ಮೂರು ತಾಳೆಗರಿ.

ಆ ರಾಜ್ಯದ ಅರಸ ಜನರ ಕಷ್ಟ ನೋಡಲಾರದವನು. ಎತ್ತಿಗೆ ರೋಗ ಬಂತೆಂದು ರೈತನೊಬ್ಬ ಓಲೆ ಬರೆದರೆ, ಮದ್ದಿನ ಹೆಸರು ಬರುವ ಹೊತ್ತಿಗೆ ಎತ್ತು ಸತ್ತಿರುತ್ತಿತ್ತು. ಅರಸ ಯೋಚಿಸಿ, ಒಂದೊಂದು ತಂಗುಮನೆಯಲ್ಲೂ ಬಲ್ಲವರನ್ನು ಕೂರಿಸಿದ. ಓಲೆಯಲ್ಲಿ ಕೇಳಿದ್ದು ತಮಗೆ ಗೊತ್ತಿದ್ದರೆ ಅವರು ಅಲ್ಲಿಂದಲೇ ಉತ್ತರಿಸಬೇಕು. ಗೊತ್ತಿಲ್ಲದಿದ್ದರೆ ಮುಂದಿನ ಮನೆಗೆ ಕಳಿಸಬೇಕು. ಹಾದುಹೋಗುವ ಓಲೆಗಳ ಪ್ರತಿ ಇಟ್ಟುಕೊಳ್ಳಬೇಕು. ಎತ್ತುಗಳು ಬದುಕಿದವು. ಬಾಣಂತಿಯರು ಬದುಕಿದರು. ಜನ ಅರಸನನ್ನು ಹರಸಿದರು.

ಆ ವರ್ಷ ಕುಂಬಾರಗಿತ್ತಿಯ ಮಡಕೆಗಳು ಮತ್ತೆ ಸೀಳಿದವು. ಅಕ್ಕನಿಗೆ ಬರೆದಳು. ಮರುದಿನ ಸಂಜೆಗೇ ಉತ್ತರ ಬಂತು: "ಆರು ಪಾಲು ಜೇಡಿಗೆ ಒಂದು ಪಾಲು ಮರಳು." ಅಕ್ಷರ ದುಂಡಗಿತ್ತು. ಅದು ಅಕ್ಕನ ಕೈಬರಹವಲ್ಲ. ಆದರೂ ಹಾಗೆಯೇ ಮಾಡಿದಳು. ಒಂದು ಮಡಕೆಯೂ ಸೀಳಲಿಲ್ಲ. ಗಂಡ ಹಿಗ್ಗಿದ. ಅವಳು ಆ ಗರಿಯನ್ನು ಮಗುಚಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

ಸುಲಭದ್ದು ಕೇಳಿದೆ, ಅದಕ್ಕೇ ಹೀಗಾಯಿತು ಎಂದುಕೊಂಡಳು. ಅವ್ವ ಮಡಕೆಗೆ ಬಳಿಯುತ್ತಿದ್ದ ಕೆಂಪಿಗೆ ಯಾವ ಮರದ ತೊಗಟೆ ಹಾಕುತ್ತಿದ್ದಳು ಎಂದು ಕೇಳಿದಳು. ಮೂರನೆಯ ಮನೆಯಿಂದ ಉತ್ತರ ಬಂತು. ಅವ್ವ ಹಾಡುತ್ತಿದ್ದ ಜೋಗುಳದ ಎರಡನೆಯ ಸಾಲು ಯಾವುದು ಎಂದು ಕೇಳಿದಳು. ಏಳನೆಯ ಮನೆಯವರು ಇಡೀ ಜೋಗುಳ ಬರೆದು ಕಳಿಸಿದರು. ಅವ್ವ ಹಾಡದಿದ್ದ ಸಾಲುಗಳೂ ಅದರಲ್ಲಿದ್ದವು.

ಹೀಗೆ ಮೂರು ವರ್ಷ ಕಳೆಯಿತು. ಮಣ್ಣು ತುಳಿಯುವಾಗ, ನೀರು ತರುವಾಗ, ಅವಳು ಯಾರಿಗೂ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಹುಡುಕುತ್ತಿದ್ದಳು. ಕೊನೆಗೊಂದು ಹೊಳೆಯಿತು. "ಅಕ್ಕಾ, ಸಾಯುವಾಗ ಅವ್ವ ನಿನ್ನ ಕಿವಿಯಲ್ಲಿ ಏನು ಹೇಳಿದಳು?"

ಇದು ಅಕ್ಕನಿಗಲ್ಲದೆ ಇನ್ನಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಅವಳು ನಲವತ್ತು ದಿನ ಕಾಯಲು ಮನಸ್ಸು ಗಟ್ಟಿ ಮಾಡಿಕೊಂಡಳು. ಹತ್ತನೆಯ ದಿನ ಓಲೆಕಾರ ಬಾಗಿಲಿಗೆ ಬಂದ. ಅಕ್ಕ ಹಿಂದೊಮ್ಮೆ ಸೋದರಮಾವನಿಗೆ ಈ ಮಾತು ಬರೆದಿದ್ದಳು. ದಾರಿಯ ಒಂದು ಮನೆಯಲ್ಲಿ ಅದರ ಪ್ರತಿ ಇತ್ತು. ಅದನ್ನೇ ನೋಡಿ ಬರೆದಿದ್ದರು: "ಚಿಕ್ಕವಳ ಕೈ ಬಿಡಬೇಡ ಎಂದಳು."

ಅಕ್ಷರ ದುಂಡಗಿತ್ತು.

ಅಂದು ಅವಳ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮರುದಿನ ಅವಳು ಮೊದಲ ತಂಗುಮನೆಗೆ ನಡೆದು ಹೋದಳು. ಅಲ್ಲಿದ್ದ ಬಲ್ಲವರು ವಯಸ್ಸಾದವರು, ಒಳ್ಳೆಯವರು.

"ಅಯ್ಯಾ, ನನ್ನ ಓಲೆ ಅಕ್ಕನ ಕೈಗೇ ಮುಟ್ಟಬೇಕಾದರೆ ಏನು ಕೇಳಬೇಕು?" ಎಂದಳು.

"ನಮಗೆ ಗೊತ್ತಿಲ್ಲದ್ದನ್ನು ಕೇಳು ತಾಯಿ. ಗೊತ್ತಿದ್ದೂ ಮುಂದೆ ಕಳಿಸಿದರೆ ನಿನ್ನನ್ನು ಸುಮ್ಮನೆ ಕಾಯಿಸಿದ ಹಾಗಾಗುತ್ತದೆ."

"ಕಾಯುತ್ತೇನೆ ಅಯ್ಯಾ. ಕಾಯುವುದು ನನಗೆ ರೂಢಿ."

ಮುದುಕರು ಅವಳನ್ನೇ ನೋಡಿದರು. ಅದು ಪ್ರಶ್ನೆಯಾಗಿರಲಿಲ್ಲ, ಹಾಗಾಗಿ ಅವರ ಬಳಿ ಉತ್ತರವೂ ಇರಲಿಲ್ಲ.

ಅವಳು ಮನೆಗೆ ಬಂದು ಆವಿಗೆಗೆ ಬೆಂಕಿ ಇಟ್ಟಳು. ಪಕ್ಕದಲ್ಲೇ ಕೂತು ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದಳು: "ಅಕ್ಕಾ, ಆವಿಗೆ ಹೊತ್ತಿಸಿ ಕೂತಿದ್ದೇನೆ. ಗಾಳಿ ಪಡುವಣಕ್ಕೆ ಬೀಸುತ್ತಿದೆ. ಹೊಗೆ ನಿನ್ನ ಕಡೆಗೇ ಹೋಗುತ್ತಿದೆ."

ಮೊದಲ ಮನೆಯ ಮುದುಕರು ಅದನ್ನು ಎರಡು ಸಲ ಓದಿದರು. ಕೇಳಿದ್ದು ಏನೂ ಇರಲಿಲ್ಲ, ಹೇಳುವುದಕ್ಕೂ ಏನೂ ಇರಲಿಲ್ಲ. ಮುಂದೆ ಕಳಿಸಿದರು. ಎರಡನೆಯ ಮನೆಯವರೂ ಹಾಗೆಯೇ ಕಳಿಸಿದರು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವಳ ಓಲೆ ದಾರಿಯ ಕೊನೆಯವರೆಗೂ ಹೋಯಿತು.

ನಲವತ್ತೊಂದನೆಯ ದಿನ ಉತ್ತರ ಬಂತು. ಅದರ ಅಕ್ಷರವೂ ಅಕ್ಕನದಲ್ಲ. ಕುಂಬಾರಗಿತ್ತಿ ಗರಿಯನ್ನು ಬೆಳಕಿಗೆ ಹಿಡಿದಳು. ಓದಿದಳು.

"ಹುಚ್ಚಿ, ಇದನ್ನು ನನ್ನ ಮಗಳು ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ನನ್ನ ಕಣ್ಣು ಹೋಗಿ ಒಂದು ವರ್ಷವಾಯಿತು. ಅದಕ್ಕೂ ಮೊದಲು ನಿನಗೆ ಎಷ್ಟೋ ಸಲ ಬರೆದೆ. ಕೆಮ್ಮಿಗೆ ಅವ್ವ ಏನು ಕೊಡುತ್ತಿದ್ದಳು, ನಮ್ಮ ಹಿತ್ತಿಲ ಬಾವಿಗೆ ಎಷ್ಟು ಮೆಟ್ಟಿಲು, ಇಂಥವನ್ನೇ ಕೇಳಿದೆ. ಎಲ್ಲಕ್ಕೂ ಉತ್ತರ ಬಂತು. ನೀನು ಬರಲಿಲ್ಲ. ಈಗ ನಿನ್ನ ಓಲೆಯನ್ನು ಮಗಳು ಓದಿ ಹೇಳಿದಳು. ಆಮೇಲೆ ಗರಿಯನ್ನು ಈಸಿಕೊಂಡು ಬೆರಳಾಡಿಸಿದೆ. ನೀನು ಕೊರೆದ ಅಕ್ಷರ ಬೆರಳಿಗೆ ಸಿಕ್ಕಿತು. 'ಕ್ಕ'ದ ಒತ್ತನ್ನು ಈಗಲೂ ಓರೆಯಾಗಿಯೇ ಬರೆಯುತ್ತೀಯ."

ಅವಳು ಆ ಓಲೆಯನ್ನು ಮಡಿಲಲ್ಲಿಟ್ಟುಕೊಂಡು ಕಳೆದ ವರ್ಷಗಳನ್ನು ಎಣಿಸಿದಳು. ಕಣ್ಣಿದ್ದ ಎರಡು ವರ್ಷ ಅಕ್ಕ ಆ ಕಡೆ ದಾರಿ ನೋಡಿದ್ದಳು, ಇವಳು ಈ ಕಡೆ. ಅಕ್ಕನ ಕಣ್ಣು ಮಂಜಾಗುತ್ತಿದೆಯೆಂದು ದಾರಿಯ ಯಾವ ಮನೆಯವರೂ ಹೇಳಿರಲಿಲ್ಲ. ಅವರನ್ನು ಯಾರೂ ಅದನ್ನು ಕೇಳಿರಲಿಲ್ಲ.

ಅಂದಿನಿಂದ ಅವಳು ಅಕ್ಕನನ್ನು ಏನನ್ನೂ ಕೇಳಲಿಲ್ಲ. ಮಣ್ಣಿನ ಸಂಗತಿಗಳನ್ನು ತಂಗುಮನೆಯವರಿಗೇ ಬರೆದು ಕೇಳುತ್ತಿದ್ದಳು. ಅಕ್ಕನಿಗೆ ಬರೆಯುವಾಗ ಮಾತ್ರ ಅಕ್ಷರಗಳನ್ನು ಮೊದಲಿಗಿಂತ ಆಳವಾಗಿ ಕೊರೆಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರ, "ಹಾಗಾದರೆ ಅರಸ ಮಾಡಿದ್ದು ತಪ್ಪೇ ಗುರುಗಳೇ? ಜನಕ್ಕೆ ಅದರಿಂದ ಒಳ್ಳೆಯದೇ ಆಯಿತಲ್ಲ?" ಎಂದ.

ಗುರುಗಳು ಅವನ ಮುಖ ನೋಡಿದರು.

"ಇದಕ್ಕೆ ಉತ್ತರ ನಿನ್ನ ಜೇಬಿನಲ್ಲಿರುವ ಫೋನೇ ಕೊಡುತ್ತಿತ್ತಲ್ಲ ಚೆನ್ನವೀರ, ಇಷ್ಟು ದೂರ ಬಂದು ನನ್ನನ್ನು ಯಾಕೆ ಕೇಳುತ್ತಿದ್ದೀಯ?"