ಪಾಲುಗಾರನ ಪಾರೆ

ಕರಿಕೋಡಿಯ ಮೀನುಗಾರರ ಸಂಘದ ಗೋಡೆಯಲ್ಲಿ ಒಂದು ಚಿತ್ರ ತೂಗುತ್ತಿದೆ. ಉಪಗ್ರಹವೊಂದು ಆಕಾಶದಾಚೆಯಿಂದ ತೆಗೆದ, ಇದೇ ಊರಿನ ಕಡಲತೀರದ ಚಿತ್ರ. ಹೊಳೆಯುವ ಮರಳಿನ ಅಂಚಿನಲ್ಲಿ ಕಪ್ಪು ಬಂಡೆಯೊಂದು, ಊರವರ ಬಾಯಲ್ಲಿ ಪಾಲುಗಾರನ ಪಾರೆ, ಕುಕ್ಕರುಗಾಲಲ್ಲಿ ಕುಳಿತು, ದಡದ ಕಡೆಗೆ ಅಂಗೈ ಚಾಚಿದಂತೆ ಕಾಣುತ್ತದೆ. ಚಿತ್ರ ತಂದುಕೊಟ್ಟ ಭೂವಿಜ್ಞಾನಿಗಳು, ಭೂಮಿಯೊಳಗಿನ ಬೆಂಕಿ ಉಕ್ಕಿ ಬಂದು ಇಲ್ಲಿ ತಣಿದು ಕಲ್ಲಾಯಿತೆಂದು ವಿವರಿಸಿದರು. ಊರವರು ತಲೆದೂಗಿದರು. ಬೆಂಕಿ ಬಂದದ್ದೂ ತಣಿದದ್ದೂ ಅವರಿಗೆ ಹೊಸತಲ್ಲ. ಅದನ್ನು ತಣಿಸಿದವಳು ದುಗ್ಗಮ್ಮ ಎಂಬುದನ್ನು ಮಾತ್ರ ವಿಜ್ಞಾನ ಬಿಟ್ಟುಬಿಟ್ಟಿದೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಮಳೆಗಾಲವಿಡೀ ಗಂಜಿಗೆ ಉಪ್ಪು ನೆಂಚಿಕೊಂಡು ಬೇಸತ್ತ ಊರು, ಕಡಲು ಶಾಂತವಾದೊಡನೆ ಮೊದಲ ರಂಪಣಿ ಬಲೆ ಬಿಟ್ಟಿತಂತೆ. ದಡದಿಂದ ಎಳೆಯುವ ಈ ಬಲೆಗೆ ಒಂದು ಕಟ್ಟಳೆಯಿದೆ. ಹಗ್ಗಕ್ಕೆ ಕೈ ಹಚ್ಚಿದವನು ಯಾರೇ ಆಗಲಿ, ದಾರಿಹೋಕನೇ ಆಗಲಿ, ಅವನಿಗೊಂದು ಪಾಲು; ಆದರೆ ಹಂಚಿಕೆ ಮುಗಿಯುವ ತನಕ ಯಾರೂ ಕೂತಲ್ಲಿಂದ ಏಳುವಂತಿಲ್ಲ. ಪಾಲು ಹಾಕುವ ಹಿರಿತನ ದುಗ್ಗಮ್ಮನದು. ಅಂದು ಬಲೆ ಬಲು ಭಾರವಿತ್ತು. ಎಳೆದೆಳೆದು ಸೋತಾಗ ನೀರೊಳಗಿಂದ ಯಾರೋ ನೂಕಿಕೊಟ್ಟಂತಾಗಿ, ಬಲೆ ಸರಾಗವಾಗಿ ದಡಕ್ಕೆ ಬಂತು. ಅದರ ಹಿಂದೆಯೇ ಬುಸುಗುಡುತ್ತ, ಮೈಯೆಲ್ಲ ಕೆಂಡವಾಗಿ, ಪಾತಾಳದ ಬೆಂಕಿಭೂತ ಎದ್ದು ನಿಂತಿತು. "ನಾನೂ ಹಗ್ಗ ಹಿಡ್ದಿದ್ದೆ. ನನ್ನ ಪಾಲ್ ಕೊಡಿ" ಎಂದಿತು. ಕೊಡದಿದ್ದರೆ ಕೈ ಚಾಚಿ ತಾನೇ ತೆಗೆದುಕೊಳ್ಳುವುದಾಗಿಯೂ ಹೇಳಿತು. ಆ ಕೈ ಚಾಚಿದರೆ ಮೀನು ಬೂದಿ, ಬಲೆ ಬೂದಿ, ಹಿಂದಿದ್ದ ತೆಂಗಿನ ಮಡಲಿನ ಗುಡಿಸಲುಗಳೂ ಬೂದಿ.

ಕಟ್ಟಳೆ ಮುರಿದರೆ ಕಡಲು ಮುನಿಯುತ್ತದೆ, ಪಾಲಿಸಿದರೆ ಊರು ಉರಿಯುತ್ತದೆ. ಆದರೂ ದುಗ್ಗಮ್ಮ ದನಿ ನಡುಗಿಸದೆ, "ಹಗ್ಗ ಮುಟ್ಟಿದವಂಗೆ ಪಾಲ್ ಇತ್ತ್ ಮಗ. ಆರೆ ಹಂಚಿ ಮುಗಿವರಿಗೆ ಏಳುಕಾಗ. ಅಲ್ಲೇ ನೀರಂಗೆ ಕೂಕೋ" ಎಂದಳು. ಭೂತವಾದರೂ ಮರ್ಯಾದಸ್ಥ, ನೀರಲ್ಲೇ ಅಲೆಗೆ ಬೆನ್ನು ಕೊಟ್ಟು ಕುಳಿತಿತು. ದುಗ್ಗಮ್ಮ ಹಂಚತೊಡಗಿದಳು. ಬೇಕೆಂದೇ ಭಾವ-ಮೈದುನರಿಬ್ಬರ ನಡುವೆ ಒಂದು ದಪ್ಪ ಬಂಗುಡೆ ಮೀನು ಇಟ್ಟು, ಅದು ಯಾರದೆಂದು ಹೇಳದೆ ಬಿಟ್ಟಳು. ಅಷ್ಟು ಸಾಕಾಯಿತು. ಮೀನಿನಿಂದ ಶುರುವಾದ ಜಗಳ ಮದುವೆಯಲ್ಲಿ ಬಡಿಸದ ಹೋಳಿಗೆಗೆ ಹೋಯಿತು, ಅಲ್ಲಿಂದ ಸತ್ತ ಅಜ್ಜಂದಿರಿಗೆ ಹೋಯಿತು, ಇಡೀ ಊರು ಎರಡು ಪಂಗಡವಾಯಿತು, ಹಂಚಿಕೆ ಅಲ್ಲೇ ನಿಂತಿತು. ನಟಿಸಿ ಎಂದು ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಅಲೆಗಳು ಭೂತದ ಬೆನ್ನಿಗೆ ಚುಂಯ್ ಚುಂಯ್ ಎಂದು ಬಡಿಯುತ್ತಲೇ ಇದ್ದವು. ಅದು ಕೆಂಪಿನಿಂದ ಕಂದಾಗಿ, ಕಂದಿನಿಂದ ಕಪ್ಪಾಗಿ, "ಆಯ್ತಾ ಅಬ್ಬೆ?" ಎಂದು ಒಮ್ಮೆ ಕೇಳಿ, ಅಂಗೈ ಚಾಚಿದಂತೆಯೇ ಕಲ್ಲಾಯಿತು.

ಊರು ಕುಣಿದಾಡಿತು. ದುಗ್ಗಮ್ಮ ಮಾತ್ರ, ದುಡಿದವನೇ ಹಸಿದು ಕುಳಿತನಲ್ಲ ಎಂದು ಕಣ್ಣೊರೆಸಿಕೊಂಡು, ಅದೇ ದಪ್ಪ ಬಂಗುಡೆಯನ್ನು ಅವನ ಅಂಗೈ ಮೇಲಿಟ್ಟಳು. ಅಲ್ಲಿ ತುಸು ಕಾವು ಉಳಿದಿತ್ತು. ಮೀನು ಹದವಾಗಿ ಬೆಂದಿತಂತೆ. "ಇದ್ ಈಗಳಿಗೆ. ಬಾಕಿದ್ದ್ ಹಂಚಿ ಮುಗ್ದ್ ಮೇಲೆ" ಎಂದಳು.

ಇಂದಿಗೂ ಮೊದಲ ರಂಪಣಿಯ ದಿನ ಪಾಲುಗಾರನ ಪಾರೆಯ ಅಂಗೈ ಮೇಲೆ ಒಂದು ಬಂಗುಡೆ ಬೀಳುತ್ತದೆ. ಬಂದವರು ಅದನ್ನು ನೋಡಬಹುದು. ಪಕ್ಕದಲ್ಲೇ ಇನ್ನೊಂದು ಮೀನಿಗಾಗಿ ಊರವರು ಗಂಟಲು ಹರಿಯುವಂತೆ ಜಗಳವಾಡುವುದನ್ನೂ ನೋಡಬಹುದು. ಕಳೆದ ವರ್ಷ ಸಜ್ಜನ ಪ್ರವಾಸಿಯೊಬ್ಬರು ಮಧ್ಯೆ ಬಂದು, ಸಮವಾಗಿ ಎರಡು ತುಂಡು ಮಾಡಿದರೆ ಹಂಚಿಕೆ ಮುಗಿಯಿತಲ್ಲ ಎಂದರು. ಜಗಳ ಥಟ್ಟನೆ ನಿಂತಿತು. ಮುದುಕಿಯೊಬ್ಬಳು ಪಾರೆಯ ಕಡೆ ಹೆದರಿ ನೋಡಿ, ಅವರ ತೋಳು ಹಿಡಿದು ಪಕ್ಕಕ್ಕೆಳೆದಳು. "ಮೆಲ್ಲ ಹೇಳಿ ಮಾರಾಯ್ರೆ, ಅವಂಗೆ ಕೇಳ್ತ್."