ಹಿಡಿ ಹಿಮದ ಬಿರುದು

"ಬಿರುದು ಅಂದರೆ ನನ್ನದು! ಆರು ತಲೆಮಾರಿನಿಂದ ಒಂದು ಕೂದಲೂ ಕೊಂಕಿಲ್ಲ!" ಎಂದು ಮರ್ಡೊಕ್ ಮೀಸೆ ತಿರುವದ ದಿನವಿರಲಿಲ್ಲ.

ಬಹಳ ಹಿಂದೆ ಸ್ಕಾಟ್ಲೆಂಡಿನ ದೊರೆಯೊಬ್ಬನ ಆಸ್ಥಾನದಲ್ಲಿ ಈತ ಅರ್ಲ್ ಆಗಿದ್ದ. ಅರ್ಲ್ ಅಂದರೆ ನಮ್ಮ ಪಾಳೆಯಗಾರನಿದ್ದ ಹಾಗೆ. ಅಪ್ಪ ಕಣ್ಣು ಮುಚ್ಚಿದರೆ ಬಿರುದು, ಕೋಟೆ, ಕೊಬ್ಬು ಮೂರೂ ಮಕ್ಕಳಿಗೆ.

ಮರ್ಡೊಕನ ಮೂಲಪುರುಷ, ಸೋತು ಓಡುತ್ತಿದ್ದ ದೊರೆಯೊಬ್ಬನನ್ನು ಬೆನ್ನ ಮೇಲೆ ಹೊತ್ತು ತುಂಬಿದ ಹೊಳೆ ಈಜಿದ್ದನಂತೆ. ಬಿರುದು ಬಂದದ್ದು ಅದಕ್ಕೆ. ಈ ಮರ್ಡೊಕನೋ, ಸ್ನಾನದ ತೊಟ್ಟಿ ಕಂಡರೂ ನಡುಗುವವನು.

ಅವನ ಕಣ್ಣು ನೆರೆಯ ಗ್ಲೆನ್‌ಆರ್ಡ ಎಂಬ ಬೆಟ್ಟದ ಸೀಮೆಯ ಮೇಲೆ ಬಿದ್ದಿತ್ತು. ಆ ಸೀಮೆಯ ಬಿರುದು ಹೆಣ್ಣುಮಕ್ಕಳಿಗೂ ಇಳಿಯುತ್ತಿತ್ತು. ತಂದೆ ಹೋದ ಮೇಲೆ ಅದು ಇಸೊಬೆಲ್ ಎಂಬ ಹುಡುಗಿಗೆ ಬಂದಿತ್ತು.

ಆ ಬಿರುದಿನ ಹುಟ್ಟೇ ವಿಚಿತ್ರ. ಹಿಂದೆ ಒಬ್ಬ ದೊರೆ ಸುಡು ಬೇಸಿಗೆಯಲ್ಲಿ ಬೇಟೆಗೆ ಹೋಗಿ ಜ್ವರ ಬಂದು ಬಿದ್ದಾಗ, ಇಸೊಬೆಲ್‌ಳ ಪೂರ್ವಜನೊಬ್ಬ ಬೆಟ್ಟದ ತುದಿ ಹತ್ತಿ ಹಿಡಿ ಹಿಮ ತಂದು ಅವನ ಬಾಯಿಗೆ ಹಾಕಿದ. ದೊರೆ ಬದುಕಿದ. ಬಿರುದು, ಸೀಮೆ ಕೊಟ್ಟು, ಸನ್ನದಿನಲ್ಲಿ ಒಂದೇ ಷರತ್ತು ಬರೆಸಿದ: "ದೊರೆ ಕೇಳಿದ ವರ್ಷ, ನಡು ಬೇಸಿಗೆಯ ದಿನ ಅರಮನೆಗೆ ಹಿಡಿ ಹಿಮ ಒಪ್ಪಿಸಬೇಕು. ತಪ್ಪಿದರೆ ಬಿರುದಿಲ್ಲ, ಸೀಮೆಯಿಲ್ಲ."

ಏಳು ತಲೆಮಾರು ಯಾರೂ ಕೇಳಲಿಲ್ಲ. ಈ ವರ್ಷ ಹಿಂದೆಂದೂ ಕಾಣದ ಬಿಸಿಲು. ಮರ್ಡೊಕ್ ದೊರೆಯ ಬಳಿ ಸರಿದು, "ಮಹಾಪ್ರಭು, ಷರತ್ತು ಅಂದರೆ ಷರತ್ತು. ಈ ಸಲ ಕೇಳಿಬಿಡಿ. ತಪ್ಪಿದರೆ ಆ ಸೀಮೆಯನ್ನು ನಾನು ನೋಡಿಕೊಳ್ಳುತ್ತೇನೆ" ಎಂದ. ದೊರೆಯದು ಹಿತ್ತಾಳೆ ಕಿವಿ. ಆಜ್ಞೆ ಹೊರಟಿತು.

ನಡು ಬೇಸಿಗೆಯ ದಿನ ಬೆಳಿಗ್ಗೆ ಇಸೊಬೆಲ್ ಮುಚ್ಚಳದ ಮರದ ಪಾತ್ರೆಯೊಂದನ್ನು ತಬ್ಬಿಕೊಂಡು ಅರಮನೆಯ ಬಾಗಿಲಿಗೆ ಬಂದಳು. ಎದುರಿಗೆ ಸಿಕ್ಕವನು ಮುದುಕ ಡೂಗಲ್. ನಮ್ಮ ಕಡೆ ಹೆಳವರು ಮನೆ ಮುಂದೆ ನಿಂತು ತಲೆಮಾರು ಹೇಳುತ್ತಾರಲ್ಲ, ಆಸ್ಥಾನದಲ್ಲಿ ಅದೇ ಕೆಲಸ ಅವನದು. ಅವನು ವಂಶಾವಳಿ ಹೇಳಿ ಮುಗಿಸುವ ತನಕ ಯಾವ ಪ್ರಭುವೂ ಕೂರುವ ಹಾಗಿರಲಿಲ್ಲ.

"ಅಜ್ಜಾ, ಹಿಡಿಯಷ್ಟಾದರೂ ಉಳಿಯಲಿ ಅಂತ ಬೆಟ್ಟದ ತುದಿಯಿಂದ ಪಾತ್ರೆ ತುಂಬ ಹಿಮ ತಂದೆ. ಹುಲ್ಲು ಸುತ್ತಿದೆ, ಕಂಬಳಿ ಹೊದಿಸಿದೆ. ಮೂರು ದಿನದ ದಾರಿ. ನಿನ್ನೆ ಸಂಜೆ ತನಕ ಇತ್ತು." ಅವಳು ಪಾತ್ರೆಯನ್ನು ಅವನ ಮುಂದೆ ಇಟ್ಟು ಕಣ್ಣೊರೆಸಿಕೊಂಡಳು. "ಏಳು ತಲೆಮಾರು ಉಳಿಸಿದ್ದು ನನ್ನ ಕೈಯಲ್ಲಿ ಕರಗಿಹೋಯಿತು."

ಡೂಗಲ್ ಮುಚ್ಚಳ ತೆಗೆದು ನೋಡಿದ. ಬರೀ ನೀರು.

"ಇದಕ್ಕೆ ಬೇರೆ ನೀರು ಬೆರೆಸಿಲ್ಲ ತಾನೆ?"

"ದೇವರಾಣೆ, ಇಲ್ಲ."

"ಹಾಗಿದ್ದರೆ ಅಳಬೇಡ ತಾಯಿ. ಒಂದು ಹನಿಯೂ ಚೆಲ್ಲದ ಹಾಗೆ ಹಿಡಿದುಕೊಂಡು ಬಾ."

ಸಭೆ ನೆರೆಯಿತು. ಡೂಗಲ್ ಮರ್ಡೊಕನ ಆರೂ ತಲೆಮಾರನ್ನು ರಾಗವಾಗಿ ಹೇಳಿದ. ಮರ್ಡೊಕ್ ಇನ್ನೇನು ಕೂರಬೇಕು, ಅಷ್ಟರಲ್ಲಿ ಡೂಗಲ್ ತಲೆ ಕೆರೆದುಕೊಂಡ.

"ಪ್ರಭುಗಳೇ, ಒಂದು ಸಂಶಯ. ನಿಮ್ಮ ಮೂಲಪುರುಷರು ಹೊಳೆ ಈಜಿದವರು. ನಿಮಗೆ ಈಜು ಬರುವುದಿಲ್ಲ. ಆದರೂ ಬಿರುದು ನಿಮ್ಮದೇ. ಅದು ಹೇಗೆ?"

ಮರ್ಡೊಕ್ ಕೆರಳಿದ. "ಮುದುಕಾ, ಅರವತ್ತಕ್ಕೆ ಅರಳುಮರಳೇ? ಮೂಲ ಯಾವುದು ಅಂತ ನೋಡಬೇಕು. ಈಗ ಹೇಗಿದ್ದಾನೆ ಅಂತ ಯಾರೂ ಕೇಳಬಾರದು!"

"ಮಹಾಪ್ರಭುಗಳು ಒಪ್ಪುತ್ತೀರಾ?"

"ಒಪ್ಪದೆ ಏನಯ್ಯಾ? ನನ್ನ ಕಿರೀಟ ಬಂದದ್ದೂ ಹಾಗೇ" ಎಂದ ದೊರೆ.

ಆಗ ಇಸೊಬೆಲ್ ಮುಂದೆ ಬಂದು ಪಾತ್ರೆ ಇಟ್ಟಳು. ಮರ್ಡೊಕ್ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀರು! ಮಹಾಪ್ರಭು, ನೀರು ತಂದಿದ್ದಾಳೆ!"

ಡೂಗಲ್ ಪಾತ್ರೆಯ ಮುಂದೆ ನಿಂತು ಅದೇ ರಾಗ ಎಳೆದ: "ಗ್ಲೆನ್‌ಆರ್ಡ ಶಿಖರವಾಸಿ ಮೋಡರಾಯರ ಮೊಮ್ಮಗ, ಹಿಮರಾಯರ ಏಕಮಾತ್ರ ಪುತ್ರ! ತಂದೆಯವರು ನಿನ್ನೆ ಸಂಜೆ ದಾರಿಯಲ್ಲಿ ಕರಗಿ ದೈವಾಧೀನರಾದರು. ಪದ್ಧತಿಯಂತೆ ಹಿಮ ಎಂಬ ಬಿರುದು ಈಗ ಮಗನದು!"

"ಏನು ತಲೆಹರಟೆ! ಮೂಲ ಏನಾದರೇನು? ಈಗ ಇರುವುದು ನೀರು ತಾನೆ?" ಎಂದು ಮರ್ಡೊಕ್ ಕೂಗಿದ.

ಸಭೆಯವರೆಲ್ಲ ತಟಕ್ಕನೆ ಅವನತ್ತ ತಿರುಗಿದರು. ತಾನೇನು ಆಡಿದೆ ಎಂಬುದು ಮರ್ಡೊಕನಿಗೆ ಹೊಳೆಯುವಷ್ಟರಲ್ಲಿ ಡೂಗಲ್ ಕೈ ಮುಗಿದಿದ್ದ.

"ಅಪ್ಪಣೆ ಪ್ರಭುಗಳೇ, ಈಗ ಇರುವುದನ್ನೇ ನೋಡೋಣ. ಹೊಳೆ ಅರಮನೆಯ ಹಿಂದೆಯೇ ಇದೆ. ಮಹಾಪ್ರಭುಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆಚೆ ದಡಕ್ಕೆ ಈಜಿ. ದಾಟಿದರೆ ನೀವು ಅರ್ಲ್, ಇದು ನೀರು."

ಮರ್ಡೊಕ್ ಬೆವರಿದ. ಅವನಿಗಿಂತ ಹೆಚ್ಚು ಬೆವರಿದವನು ದೊರೆ.

"ಬೇಡ, ಬೇಡ! ನನ್ನನ್ನು ಯಾಕಯ್ಯಾ ಮುಳುಗಿಸುತ್ತೀರಿ!" ಎಂದು ಅವನು ಸಿಂಹಾಸನದ ತೋಳು ಹಿಡಿದುಕೊಂಡ. "ಇದು ಹಿಮವೇ! ಅಪ್ಪಟ ಹಿಮ!"

ಪಾತ್ರೆ ಎತ್ತಿ ಒಂದು ಗುಟುಕು ಕುಡಿದ. ಬೆಟ್ಟದ ನೀರು, ಎದೆ ತಂಪಾಯಿತು. "ಆ ಕಾಲದ ದೊರೆಯ ಗಂಟಲಲ್ಲೂ ಇದು ಹೀಗೇ ಇಳಿದಿರಬೇಕು. ಇಸೊಬೆಲ್, ಹಿಮ ಸಂದಾಯವಾಯಿತಮ್ಮಾ. ಬಿರುದು, ಸೀಮೆ ಎಲ್ಲ ನಿನ್ನವೇ."

ಇಸೊಬೆಲ್ ಅಳುತ್ತಲೇ ನಕ್ಕಳು. ಮರ್ಡೊಕ್ ಅಲ್ಲಿ ನಿಲ್ಲಲಿಲ್ಲ.

ದೊರೆ ನಗುತ್ತ ತನ್ನ ಬೆರಳಿನ ಉಂಗುರ ತೆಗೆದು ಡೂಗಲನಿಗೆ ಕೊಟ್ಟ. ಆಮೇಲೆ ಏನೋ ನೆನಪಾಗಿ ಕೇಳಿದ: "ಅಲ್ಲಯ್ಯಾ, ಒಂದು ವೇಳೆ ನಾನೇ ಇದನ್ನು ನೀರು ಅಂದುಬಿಟ್ಟಿದ್ದರೆ?"

"ಮಹಾಪ್ರಭು, ನಿಮ್ಮ ಮೂಲಪುರುಷರು ಬರಿಗೈಯಲ್ಲಿ ತೋಳ ಕೊಂದು ಕಿರೀಟ ಪಡೆದವರು," ಎಂದ ಡೂಗಲ್, ಉಂಗುರ ಹಾಕಿಕೊಳ್ಳುತ್ತ. "ಹಿತ್ತಲಲ್ಲಿ ಒಂದು ತೋಳವನ್ನೂ ಕಟ್ಟಿಸಿಟ್ಟಿದ್ದೆ."

ದೊರೆ ಪಾತ್ರೆ ಎತ್ತಿ ಇನ್ನೊಂದು ಗುಟುಕು ಹಿಮ ಕುಡಿದ.