ನೇಕಾರನ ಕಾಲಿಗೆ ಏನು ಕೆಲಸ?

ಒಂದು ಪ್ರಶ್ನೆ, ನಿಧಾನವಾಗಿ ಯೋಚಿಸಿ. ಅರಮನೆಯ ದೊಡ್ಡ ಅಧಿಕಾರಿಯೊಬ್ಬ, ಕಿವಿಯಲ್ಲಿ ಮುತ್ತಿನ ಒಂಟಿ, ತಲೆಗೆ ಜರಿ ರುಮಾಲು, ಬಡ ನೇಕಾರನ ಮನೆಯಲ್ಲಿ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಾನೆ. ಮೇಲೇಳಲು ಆಗುತ್ತಿಲ್ಲ. ಸುತ್ತ ಇಡೀ ಆಸ್ಥಾನ ನಿಂತು ನೋಡುತ್ತಿದೆ. ಏನು ನಡೆದಿರಬಹುದು ಹೇಳಿ? ಕಳ್ಳತನಕ್ಕೆ ಬಂದು ಸಿಕ್ಕಿಬಿದ್ದ ಅಂತೀರಾ? ಅಲ್ಲ. ಕುಡಿದು ಬಿದ್ದ ಅಂತೀರಾ? ಅದೂ ಅಲ್ಲ. ಸರಿ, ಹೇಳಿಯೇ ಬಿಡೋಣ.

ಕಲ್ಕೆರೆ ಸಂಸ್ಥಾನವನ್ನು ಮುದ್ದರಾಯ ಆಳುತ್ತಿದ್ದ ಕಾಲ. ಅವನ ಕುದುರೆ ಲಾಯಕ್ಕೆ ರಣೋಜಿ ಎಂಬ ಮುಖ್ಯಸ್ಥ. ಕುದುರೆಗಳಿಗಿಂತ ಅವನ ಕೆನೆತವೇ ಜೋರು. ಒಂದು ಬೆಳಗ್ಗೆ ಹೊಸ ಕುದುರೆಗೆ ಗಾಡಿ ಕಟ್ಟಿ, ನೇಕಾರರ ಕೇರಿಯಲ್ಲಿ ಬಾಜಿ ಕಟ್ಟಿದವನಂತೆ ಓಡಿಸಿದ. ಬೀದಿಯಲ್ಲಿ ಮಗ್ಗಕ್ಕೆ ಉದ್ದಕ್ಕೆ ಹೂಡುವ ಹಾಸಿನ ನೂಲು ಹರವಿ ಗಂಜಿ ಹಚ್ಚುತ್ತಿದ್ದ ದೇವಲಪ್ಪನ ಬಲಗಾಲಿನ ಮೇಲೆ ಚಕ್ರ ಹರಿಯಿತು. ಮೂಳೆ ಎರಡು ತುಂಡು.

ದೇವಲಪ್ಪನಿಗೆ ಹೆಂಡತಿ ಚೌಡಮ್ಮ, ಮೂವರು ಹೆಣ್ಣುಮಕ್ಕಳು, ಒಂದೇ ಮಗ್ಗ. ವೈದ್ಯ ಬಿದಿರ ದಬ್ಬೆ ಕಟ್ಟಿ, ಮೂರು ತಿಂಗಳು ಅಲ್ಲಾಡಬೇಡ ಅಂದ. ಮಗ್ಗ ನಿಂತಿತು. ಎಂಟನೆಯ ದಿನಕ್ಕೆ ಒಲೆಯೂ ನಿಂತಿತು. ಚೌಡಮ್ಮ ಮನೆಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಗಂಡನನ್ನು ಮಲಗಿಸಿ, ನಾಲ್ವರ ಕೈಲಿ ಹೊರಿಸಿಕೊಂಡು ನ್ಯಾಯ ಕೇಳಲು ಆಸ್ಥಾನಕ್ಕೆ ಬಂದಳು.

ರಣೋಜಿ ಮೊದಲು, ತುಳಿದದ್ದು ಕುದುರೆ, ತಾನಲ್ಲ ಅಂದ. ದೊರೆ, ಕುದುರೆ ನನ್ನದು, ಹಾಗಾದರೆ ದಂಡ ನಾನೇ ಕಟ್ಟಲೇನಯ್ಯ ಅಂತ ಕೇಳಿದಾಗ ದಾರಿ ಬದಲಿಸಿದ. ಬೀದಿಯಲ್ಲಿ ಕೂತದ್ದು ನೇಕಾರನ ತಪ್ಪಂತೆ. ಆಗ ಆಸ್ಥಾನದ ಜಾಣ ಮಂಚಯ್ಯ ಎದ್ದು ನಿಂತು, ಹಾಸು ಹರವುವ ಹೊತ್ತಿನಲ್ಲಿ ಆ ಕೇರಿಗೆ ಗಾಡಿ ಬಿಡಬಾರದೆಂಬುದು ಮುತ್ತಾತನ ಕಾಲದ ಕಟ್ಟಳೆ, ಎತ್ತುಗಳಿಗೂ ಅದು ಗೊತ್ತು ಅಂದ. ಸಭೆ ನಕ್ಕಿತು.

ರಣೋಜಿ ಮೀಸೆ ತಿರುವಿದ. "ತಪ್ಪು ನನ್ನದೇ ಅಂತ ಇಟ್ಟುಕೊಳ್ಳಿ ಮಹಾಸ್ವಾಮಿ. ಆದರೆ ಇವನಿಗೆ ನಷ್ಟವೇನು? ನೇಯುವುದು ಕೈಯಲ್ಲಿ. ನೇಕಾರನ ಕಾಲಿಗೆ ಏನು ಕೆಲಸ? ಕಳೆದುಕೊಂಡದ್ದು ಏನೇನು ಅಂತ ಒಂದೊಂದಾಗಿ ಹೇಳಲಿ. ಹೇಳಿದ್ದಕ್ಕೆಲ್ಲ ನನ್ನ ಮನೆಯಿಂದ ಎರಡರಷ್ಟು ಕೊಡುತ್ತೇನೆ."

ದೊರೆ ತಲೆದೂಗಿದ. ಪಾಪ, ಮಗ್ಗದ ಮುಂದೆ ಕೂತ ನೇಕಾರರನ್ನು ಅವನು ಕಂಡಿದ್ದು ಸೊಂಟದಿಂದ ಮೇಲಕ್ಕೆ ಮಾತ್ರ.

ದೇವಲಪ್ಪ ಕೈಮುಗಿದು, "ನೋವು ಬುದ್ಧಿ," ಅಂದ. ಅಷ್ಟೇ. ಚೌಡಮ್ಮ ಬಾಯಿ ತೆರೆದಳು, ರಣೋಜಿ ಗುರಾಯಿಸಿದ, ಬಾಯಿ ಮುಚ್ಚಿದಳು.

ಮಂಚಯ್ಯ ಇದನ್ನೆಲ್ಲ ನೋಡಿದ. ಕಳೆದುಕೊಂಡವರಿಗೆ ನಾಲಿಗೆ ಇಲ್ಲ, ನಾಲಿಗೆ ಇರುವವನು ಏನೂ ಕಳೆದುಕೊಂಡಿಲ್ಲ. ಹಾಗಾದರೆ ಆ ನಾಲಿಗೆಯನ್ನೇ ಒಂದು ಗಳಿಗೆ ಎರವಲು ತರಬೇಕು ಅಂದುಕೊಂಡ.

"ರಣೋಜಿಯವರ ಮಾತು ನ್ಯಾಯವಾಗಿದೆ ಪ್ರಭು. ಕಾಲಿಗೆ ದಬ್ಬೆ ಕಟ್ಟಿಸಿಕೊಂಡು ಅವರೇ ಒಂದು ಗೇಣು ಬಟ್ಟೆ ನೇಯ್ದು ತೋರಿಸಿಬಿಡಲಿ, ತಂಟೆ ಇವತ್ತೇ ಮುಗಿಯುತ್ತೆ."

ಕುದುರೆ ಪಳಗಿಸಿದ ಕೈಗೆ ನೂಲು ಯಾವ ಲೆಕ್ಕ ಅಂತ ರಣೋಜಿ ಎದ್ದೇಬಿಟ್ಟ. ಆದರೆ ಗುಂಡಿಮಗ್ಗವನ್ನು ಆಸ್ಥಾನಕ್ಕೆ ಹೊತ್ತು ತರುವುದು ಹೇಗೆ? ಅದು ನೆಲ ತೋಡಿ ಹೂಡಿದ್ದು. ಆಸ್ಥಾನವೇ ದೇವಲಪ್ಪನ ಮನೆಗೆ ನಡೆಯಿತು. ಅದೇ ವೈದ್ಯ ಬಂದ. ಒಂದು ಕಾಲಿಗೆ ಕಟ್ಟಲೋ ಎರಡಕ್ಕೋ ಅಂತ ಕೇಳಿದ್ದಕ್ಕೆ ರಣೋಜಿ, ಎರಡಕ್ಕೂ ಬಿಗಿಯಯ್ಯ, ಬೇಡದ ಕಾಲು ತಾನೇ ಅಂದ. ಹಿಮ್ಮಡಿಯಿಂದ ತೊಡೆಯವರೆಗೆ ದಬ್ಬೆ ಬಿತ್ತು. ನಾಲ್ವರು ಎತ್ತಿ ಗುಂಡಿಯಂಚಿನಲ್ಲಿ ಕೂರಿಸಿದರು.

ರಣೋಜಿ ಅಡ್ಡನೂಲಿನ ಲಾಳಿ ಎಸೆದ. ಅದು ನೂಲಿನ ಮೇಲೆ ಜಾರಿ ನೆಲಕ್ಕೆ ಬಿತ್ತು. ಮತ್ತೆ ಎಸೆದ, ಮತ್ತೆ ಬಿತ್ತು. ಮೂರನೆಯ ಸಲ ಅದು ರಾಜಪುರೋಹಿತರ ಪಾದಕ್ಕೇ ನಮಸ್ಕಾರ ಮಾಡಿತು.

ಲಾಳಿ ಎಳೆಗಳ ನಡುವೆ ಯಾಕೆ ತೂರುತ್ತಿಲ್ಲ ಅಂತ ದೊರೆ ಕೇಳಿದ. ಸ್ವಂತ ಮನೆಯಲ್ಲವೇ, ಚೌಡಮ್ಮನಿಗೆ ಈಗ ಧ್ವನಿ ಬಂತು. "ಲಾಳಿ ತೂರೋಕೆ ಎಳೆ ಬಿಡಿಸೋದು ಕಾಲು ಬುದ್ಧಿ. ಕೆಳಗೆ ತುಳಿಯೋ ಮಣೆ ಇದೆ, ನೋಡಿ."

ದೊರೆ ಕಿರೀಟ ಹಿಡಿದುಕೊಂಡು ಬಗ್ಗಿ ಗುಂಡಿಯೊಳಗೆ ಇಣುಕಿದ. ಬಹಳ ಹೊತ್ತು ಇಣುಕಿದ.

ಸೋತೆ, ದಬ್ಬೆ ಬಿಚ್ಚಿ ಅಂದ ರಣೋಜಿ. ಮಂಚಯ್ಯ ಗಂಭೀರವಾಗಿ ತಲೆ ಅಲ್ಲಾಡಿಸಿ, ಕಟ್ಟಿದ್ದನ್ನು ಮೂರು ತಿಂಗಳು ಬಿಚ್ಚಬಾರದು ಅಂತ ವೈದ್ಯರೇ ಹೇಳಿದ್ದಾರೆ ಅಂದ. ಊಟದ ಹೊತ್ತಾಯಿತು, ಇವರನ್ನು ಇಲ್ಲೇ ಬಿಟ್ಟು ಹೊರಡೋಣ ಅಂತ ದೊರೆಗೂ ಹೇಳಿದ.

ರಣೋಜಿ ಕೂತಲ್ಲೇ ಬೊಬ್ಬೆ ಹಾಕಿದ.

"ಮೂರು ತಿಂಗಳು ಲಾಯಕ್ಕೆ ಹೋಗದಿದ್ದರೆ ನನ್ನ ಸಂಬಳ ಯಾರಯ್ಯ ಕೊಡುತ್ತಾರೆ? ವೈದ್ಯನಿಗೆ, ಎಣ್ಣೆಗೆ, ದಬ್ಬೆಗೆ ಖರ್ಚು? ಹಿತ್ತಲಿಗೆ ಹೋಗಬೇಕಾದರೂ ಇಬ್ಬರು ಎತ್ತಬೇಕು, ಅವರ ಕೂಲಿ? ನನ್ನವಳು ನನ್ನನ್ನು ನೋಡಿಕೊಳ್ಳುತ್ತಾ ಕೂತರೆ ಅವಳ ಕೆಲಸ ಯಾರು ಮಾಡುತ್ತಾರೆ? ಆಮೇಲೆ ಕಾಲು ಮೊದಲಿನ ಹಾಗೆ ಬಗ್ಗದೇ ಹೋದರೆ ಮುಂದಿನ ಗತಿ? ಈ ನೋವಿಗೆ ಏನು ಕೊಡುತ್ತೀರಿ?"

ಈ ಕಾಲದ ಕರಿಕೋಟಿನ ವಕೀಲರು ಮೂರು ವಾಯಿದೆ ತೆಗೆದುಕೊಂಡರೂ ಇದಕ್ಕಿಂತ ಒಂದು ಬಾಬ್ತು ಹೆಚ್ಚಿಗೆ ಹುಡುಕಲಾರರು ಬಿಡಿ.

ಮಂಚಯ್ಯ ಹಿಂದೆ ತಿರುಗಿ, ಕಡತ ಹಿಡಿದು ನಿಂತಿದ್ದ ಆಸ್ಥಾನದ ಶಾನುಭೋಗರನ್ನು ಕೇಳಿದ. "ಎಲ್ಲ ಬರೆದುಕೊಂಡಿರಾ?"

"ಆರು ಬಾಬ್ತು, ಒಂದೂ ಬಿಟ್ಟಿಲ್ಲ."

"ಇದೇನಯ್ಯ ಬರೆಸುತ್ತಿದ್ದೀಯ?" ಅಂದ ದೊರೆ.

"ದೇವಲಪ್ಪನ ಅರ್ಜಿ ಪ್ರಭು. ಅವನಿಗೆ ಹೇಳಲು ಬರಲಿಲ್ಲ ನೋಡಿ, ರಣೋಜಿಯವರೇ ದೊಡ್ಡ ಮನಸ್ಸು ಮಾಡಿ ಹೇಳಿಕೊಟ್ಟರು. ಇನ್ನು ಹೆಸರೊಂದು ಹಾಕಿಕೊಂಡರೆ ಆಯಿತು."

ದೊರೆ ನಕ್ಕ ನಗುವಿಗೆ ಚೌಡಮ್ಮನ ಮನೆಯ ಹೆಂಚು ಅದುರಿದವು. ಆರಕ್ಕೆ ಆರೂ ಬಾಬ್ತು, ಒಪ್ಪಿದಂತೆ ಎರಡರಷ್ಟು, ರಣೋಜಿಯ ಮನೆಯಿಂದ ಅಂತ ಅಪ್ಪಣೆಯಾಯಿತು. ಮಂಚಯ್ಯನಿಗೆ ದೊರೆಯ ಹೆಗಲ ಶಾಲು ಬಂತು. ದಬ್ಬೆ ಬಿಚ್ಚಿದ್ದು ಅರ್ಜಿಗೆ ಮುದ್ರೆ ಬಿದ್ದ ಮೇಲೆಯೇ.

ಅರ್ಜಿಯ ಕೆಳಗೆ ಶಾನುಭೋಗರು ಬರೆದ ದಿನ ವಿಭವ ಸಂವತ್ಸರದ ಮಾರ್ಗಶಿರ ಶುದ್ಧ ದಶಮಿ, ಬುಧವಾರ.